ಆಟಿ ಕಳೆಯಲಿ ಎಂದ ವಕೀಲಕ್ಕ

ಇವತ್ತು ಬೆಳಿಗ್ಗೆ ಅಮ್ಮ ಲೋಟವನ್ನು ಮೂಗಿನ ಹತ್ತಿರ ತಂದಾಗಲೇ ಆಟಿ ತಿಂಗಳ ಅಮಾವಾಸ್ಯೆ ಎಂದು ಗೊತ್ತಾಯಿತು. ಈ ದಿನ ನಮ್ಮ ಕಡೆ ಎಲ್ಲರೂ ಕುಡಿಯುವ, ಪಾಲೆ ಮರದ ತೊಗಟೆಯ ಕಷಾಯ. ಬೆಳ್ಳುಳ್ಳಿ, ಓಮ ಜಜ್ಜಿ ಹಾಕಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಚುಂಯ್ ಅನ್ನಿಸಿದ ವಾಸನೆ. ಲೋಟ ಹಿಡಿದು ಕುಡಿಯದೇ ಕೂತೆ. ಕಹಿಗೆ ಹೆದರಿ ಅಲ್ಲ... ವಕೀಲಕ್ಕನ ನೆನಪಾಗಿ.

ಗುರುವಾಯನಕೆರೆಯಲ್ಲಿ ನಮ್ಮ ಪಕ್ಕದ ಮನೆ ಅವರದ್ದು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ದಿನಾ ಬೆಳಿಗ್ಗೆ ಕಪ್ಪು ಕೋಟನ್ನು ಮಡಚಿ ಚೀಲಕ್ಕೆ ಹಾಕಿ, ಬೆಳ್ತಂಗಡಿ ಕೋರ್ಟಿಗೆ ಬಸ್ಸು ಹತ್ತುತ್ತಿದ್ದರು. ಬಸ್ಸಿನಲ್ಲಿ ಜಾಗ ಬಿಡದವರಿಗೆ ನೋಟೀಸು ಕಳಿಸುತ್ತೇನೆ ಎಂದು ಹೆದರಿಸುತ್ತಿದ್ದರು. ಊರೆಲ್ಲ ಅವರನ್ನು ವಕೀಲಕ್ಕ ಎಂದೇ ಕರೆಯುತ್ತಿತ್ತು, ನಾನೂ.

ನನಗೆ ಮಂಗಳೂರಿನಲ್ಲಿ ಕಾನೂನು ಓದಲು ಸೀಟು ಸಿಕ್ಕಿದ ವರ್ಷ ಮೊದಲ ಲಡ್ಡು ಹಂಚಿದವರೂ ಅವರೇ. ಆದರೆ ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚು. ಪದವಿಯವರೆಗೂ ಕನ್ನಡದಲ್ಲೇ ಕಲಿತವಳು ನಾನು. ಅಲ್ಲಿ ಎಲ್ಲವೂ ಇಂಗ್ಲಿಷ್. ಮಡಿಲಲ್ಲಿ ಬೀಡಿಯ ಮೊರ, ನಮ್ಮ ಮಾತಿನ ತಡ್ಪೆ, ಇಟ್ಟುಕೊಂಡು ಎಲೆ ಸುರುಟುತ್ತಲೇ ಅಮ್ಮ ಹೇಳಿದ್ದಳು: "ಒಂದು ವರ್ಷ ನೋಡುವ. ಫೇಲಾದರೆ ನೀನೂ ನನ್ನ ಹತ್ತಿರ ಬಂದು ಕೂತುಕೋ. ನನ್ನಿಂದ ಹೆಚ್ಚು ಆಗುವುದಿಲ್ಲ ಮಗಾ." ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ಸಿಟ್ಟಿನದ್ದಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ಕಾಲೇಜು ಶುರುವಾಗುವ ಮೊದಲೇ ಓದಿ ಮುಗಿಸಬೇಕು ಎಂಬ ಹುಚ್ಚು ಹಿಡಿಯಿತು. ಮೂಡುಬಿದಿರೆಗೆ ಹೋಗಿ ಹಳೆ ಪುಸ್ತಕದ ಅಂಗಡಿಯಲ್ಲಿ ಕರಾರು ಕಾನೂನಿನ ಒಂದು ದಪ್ಪ ಪುಸ್ತಕ ತಂದೆ. ಪಕ್ಕದಲ್ಲಿ ನಿಘಂಟು. ಒಂದು ವಾಕ್ಯದ ಕೊನೆ ಮುಟ್ಟುವಾಗ ಅದರ ತಲೆ ಮರೆತುಹೋಗಿರುತ್ತಿತ್ತು. ಮೊದಲ ಅಧ್ಯಾಯವನ್ನೇ ಮತ್ತೆ ಮತ್ತೆ ಓದಿ, ಒಂದು ದಿನ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬಾಯಿಗೆ ಸೆರಗು ತುರುಕಿ ಅತ್ತೆ. ದೊಡ್ಡ ಶಾಲೆ ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲೇ ಕಲಿತ ಮಕ್ಕಳ ಜೊತೆ ಕೂರಬೇಕಲ್ಲ ಎಂದು ನೆನೆದು ಮತ್ತೆ ಅದೇ ಪುಟ ತೆರೆಯುತ್ತಿದ್ದೆ.

ಕೊನೆಗೆ ಪುಸ್ತಕ ಹಿಡಿದುಕೊಂಡೇ ವಕೀಲಕ್ಕನ ಜಗಲಿಗೆ ಹೋದೆ. ಅವರು ಪುಸ್ತಕ ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡರು.

"ಒಬ್ಬಳೇ ಓದಬೇಡ ಮಾರಾಯ್ತಿ. ನಿನ್ನ ಅಮ್ಮನನ್ನು ಕೇಳು, ಮೊದಲು ಬೀಡಿಯನ್ನು ತಪ್ಪು ಸುರುಟಲು ಕಲಿತ ಕೈ ಆಮೇಲೆ ಸರಿ ಆಗ್ತದಾ? ನಾನು ಹೇಳಿಕೊಡ್ತೇನೆ. ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ಗೊತ್ತುಂಟು."

"ಹಾಗಾದರೆ ಇವತ್ತೇ ಮಾಡುವ ಅಕ್ಕ."

"ಆಟಿ ಬಂತಲ್ಲ! ಆಟಿಯಲ್ಲಿ ಯಾರಾದರೂ ಪಾಠ ಶುರು ಮಾಡ್ತಾರಾ? ಸೋಣ ಬರಲಿ. ಸೋಣದ ಮೊದಲ ದಿನ ಸ್ನಾನ ಮಾಡಿ ಬಾ. ನಿನ್ನ ಕಾಲೇಜಿಗೆ ಆಮೇಲೂ ಸಮಯ ಉಂಟು."

ನಮ್ಮ ತುಳುನಾಡಿನಲ್ಲಿ ಹಾಗೆಯೇ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾವ ಒಳ್ಳೆಯ ಕೆಲಸಕ್ಕೂ ಕೈ ಹಾಕುವುದಿಲ್ಲ. ಅದು ಕಳೆದು ಮುಂದಿನ ತಿಂಗಳು, ಸೋಣ, ಬಂದ ಮೇಲೆಯೇ ಎಲ್ಲ. ಕೋರ್ಟಿನಲ್ಲಿ ಸಾಕ್ಷಿ ಇಲ್ಲದೆ ಒಂದು ಮಾತನ್ನೂ ಒಪ್ಪದ ಹೆಂಗಸು ಆಟಿಗೆ ಮಾತ್ರ ಸಾಕ್ಷಿ ಕೇಳಲಿಲ್ಲ. ನಾನು ಅಂಗಲಾಚಿದೆ. ಅವರು ನಕ್ಕರು. ಪುಸ್ತಕ ಅವರ ಕಪಾಟು ಸೇರಿತು.

ಅದೇ ದಿನಗಳಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಇದೆ, ತಡಮಾಡದೆ ಆಪರೇಷನ್ ಆಗಬೇಕು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಆ ಸುದ್ದಿಯನ್ನೂ ಅವರು ನಮ್ಮ ಅಂಗಳದಲ್ಲಿ ನಿಂತು, ಬಸ್ಸು ತಪ್ಪಿದ ಸುದ್ದಿಯಂತೆ ಹೇಳಿದರು. "ಸೋಣದಲ್ಲಿ ಮಾಡಿಸುವ ಅಂತ ಹೇಳಿ ಬಂದೆ. ಆಟಿಯಲ್ಲಿ ಹೊಟ್ಟೆ ಕೊಯ್ಯಿಸಿಕೊಳ್ಳುವುದಾ?" ಅಮ್ಮ ಹೌದು ಹೌದು ಎಂದು ತಲೆ ಆಡಿಸಿದಳು. ಬೀದಿಯಲ್ಲಿ ಯಾರಿಗೂ ಅದು ತಪ್ಪೆನಿಸಲಿಲ್ಲ. ನನಗೂ ಅನಿಸಲಿಲ್ಲ, ನನ್ನ ತಲೆಯಲ್ಲಿ ನನ್ನ ಕಾಲೇಜು ಒಂದೇ ಇತ್ತು.

ಆ ವರ್ಷದ ಆಟಿ ಅಮಾವಾಸ್ಯೆಯ ಬೆಳಿಗ್ಗೆ ವಕೀಲಕ್ಕ ನಮ್ಮ ಮನೆಗೇ ಬಂದು ಕಷಾಯ ಕುಡಿದರು. ಒಂದೇ ಗುಟುಕು. ಮುಖ ಹಿಂಡಿ, ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. "ಇದನ್ನು ಕುಡಿದವಳಿಗೆ ಕಾನೂನು ಯಾವ ಲೆಕ್ಕ?"

ಆಟಿ ಮುಗಿಯಲು ಇನ್ನೇನು ಬಂತು ಎನ್ನುವಾಗ, ಒಂದು ಮಧ್ಯಾಹ್ನ ಕೋರ್ಟಿನಿಂದ ಬಂದವರು ಜಗಲಿಯಲ್ಲೇ ಕುಸಿದರು. ಒಳಗೆ ಗಡ್ಡೆ ಒಡೆದಿತ್ತು. ಮಂಗಳೂರಿನ ಆಸ್ಪತ್ರೆಗೆ ಹೊರಟ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ. ಡ್ರೈವರು ಹಾರ್ನ್ ಒತ್ತುತ್ತಲೇ ಇದ್ದ. ನಾನು ದೇವರನ್ನು ಬೇಡಿದೆ, ಬೈದೆ, ಮತ್ತೆ ಬೇಡಿದೆ. ಅವರ ಕೈ ತಣ್ಣಗಾಗುತ್ತಿತ್ತು. ಉಜ್ಜಿದಷ್ಟೂ ತಣ್ಣಗೆ.

"ಸೋಣಕ್ಕೆ ಇನ್ನೆಷ್ಟು ದಿನ ಉಂಟು?" ಎಂದು ಕೇಳಿದರು.

"ನಾಳೆಯೇ ಅಕ್ಕ," ಎಂದೆ. ನಾಳೆ ಆಗಿರಲಿಲ್ಲ.

ಬಂಟ್ವಾಳ ದಾಟುವಾಗ ಹೋದರು...

ಸೋಣದ ಮೊದಲ ದಿನ ನಾನು ಸ್ನಾನ ಮಾಡಿ ಅವರ ಜಗಲಿಗೆ ಹೋದೆ. ಬಾಗಿಲಿಗೆ ಬೀಗ. ಆದರೂ ಕೂತೆ. ಅಮ್ಮ ತಡ್ಪೆ ಬದಿಗಿಟ್ಟು ಬಂದು ಪಕ್ಕದಲ್ಲಿ ಕೂತಳು. ತಿಂಗಳ ಕೊನೆಗೆ ವಕೀಲಕ್ಕನ ತಂಗಿ ಬಂದು ಕಪಾಟಿನ ಪುಸ್ತಕಗಳನ್ನೆಲ್ಲ ನನಗೇ ಕೊಟ್ಟುಬಿಟ್ಟರು. ಮೊದಲ ವರ್ಷ ಬಿದ್ದು ಎದ್ದು ಹೇಗೋ ದಾಟಿದೆ. ಮೊದಲೇ ಓದಿದ್ದರೆ ಸುಲಭವಾಗುತ್ತಿತ್ತೋ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಅದೇ ಬೆಳ್ತಂಗಡಿ ಬಸ್ಸನ್ನು ನಾನು ಹತ್ತುತ್ತೇನೆ, ಕೋಟು ಚೀಲದಲ್ಲಿ. ಇವತ್ತು ಕಷಾಯದ ಲೋಟ ಇನ್ನೂ ಕೈಯಲ್ಲಿರುವಾಗ ಹಿಂದಿನ ಬೀದಿಯ ಹುಡುಗಿ ಬಂದಳು. ಕಾನೂನಿಗೆ ಸೀಟು ಸಿಕ್ಕಿದೆಯಂತೆ. ಮುಖದಲ್ಲಿ ರಕ್ತವಿಲ್ಲ. "ಅಕ್ಕ, ಈಗಲೇ ಓದಲಿಕ್ಕೆ ಶುರು ಮಾಡಬೇಕಾ? ನೀವು ಸ್ವಲ್ಪ ಹೇಳಿಕೊಡ್ತೀರಾ?"

ಆಟಿ ಕಳೆಯಲಿ... ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಕಷಾಯವನ್ನು ಒಂದೇ ಗುಟುಕಿಗೆ ಕುಡಿದು ಅದನ್ನೂ ನುಂಗಿದೆ.

"ಕೂತುಕೋ," ಎಂದೆ. "ಈಗಲೇ ಮಾಡುವ."

ವಕೀಲಕ್ಕನ ಕಪಾಟಿನಿಂದ ಬಂದ ಆ ದಪ್ಪ ಪುಸ್ತಕವನ್ನು ತಂದು ಮಡಿಲಲ್ಲಿಟ್ಟುಕೊಂಡೆ. ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ನಾನು ಪುಟ ತಿರುಗಿಸುತ್ತಲೇ ಇದ್ದೆ. ನಾನು ಕಲಿತದ್ದು ಬಿದ್ದು ಎದ್ದು; ಎಲ್ಲಿಂದ ಶುರು ಮಾಡಬೇಕು ಎಂದು ವಕೀಲಕ್ಕನಿಗೆ ಗೊತ್ತಿತ್ತು. ನನಗೆ ಹೇಳಿರಲಿಲ್ಲ.