ಮೌಶಿಯ ಕೆಂಪು ಪೆನ್ಸಿಲ್

ಉಳಿದವರು ತುರುಬಿಗೆ ಹೂ ಮುಡಿದರೆ ಮೌಶಿ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಳ್ಳುತ್ತಿದ್ದರು. ಮೊಂಡು ಪೆನ್ಸಿಲ್, ಹಿಂಬದಿಯಲ್ಲಿ ಹಲ್ಲಿನ ಗುರುತು. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ವಧೂವರರ ಫಾರ್ಮ್ ತುಂಬಿಸುವ ಮೇಜು ಅವರದು. ವಿಜಯಪುರದ ಕಡೆಯವರು. ಅವರ ಊರಿನವರಿಗೂ ಉಡುಪಿ ಕಡೆಯ ನಮಗೂ ಅವರು ಮೌಶಿಯೇ, ಎಂದರೆ ಚಿಕ್ಕಮ್ಮ.

ಹೆತ್ತವರು ಬರೆದು ತಂದ ಹೊಗಳಿಕೆಯನ್ನು ಆ ಪೆನ್ಸಿಲ್ ಸುಮ್ಮನೆ ಬಿಡುತ್ತಿರಲಿಲ್ಲ. ಸುಶೀಲ, ಸುಸಂಸ್ಕೃತ, ಎಲ್ಲಕ್ಕೂ ಅಡ್ಡಗೆರೆ. "ಈಕಿ ಸುಶೀಲ ಹುಡುಗಿ ಅಂತ ಬರದ್ರ, ಉಳದ ಹುಡುಗ್ಯಾರು ಏನ್ ಪಾಪ ಮಾಡ್ಯಾರ್ರೀ?" ಎನ್ನುತ್ತಿದ್ದರು. 'ಒಳ್ಳೆಯ ನೌಕರಿ' ಎಂದು ಬರೆದ ಅಪ್ಪನೊಬ್ಬನಿಗೆ, "ಒಳ್ಳೇದು ತಗೊಂಡು ಏನ್ ಮಾಡ್ಲಿ? ಯಾವ ಕಂಪನಿ, ಯಾವ ಶಿಫ್ಟು, ಅದನ್ನ ಹೇಳ್ರಿ" ಎಂದದ್ದನ್ನು ನಾನೇ ಕೇಳಿದ್ದೇನೆ. ಆತ ಸಿಟ್ಟಿನಿಂದ ಎದ್ದು ಹೋದ. ಮುಂದಿನ ವಾರ ಎಲ್ಲವನ್ನೂ ಬರೆದುಕೊಂಡು ಬಂದ.

ನನ್ನ ಫಾರ್ಮಿನದು ಬೇರೆ ಕಥೆ. ನನ್ನ ಎಡಗಾಲು ಗಿಡ್ಡ. ಅಮ್ಮ ಮೊದಲು ಅದನ್ನು ಬರೆಯಲೇ ಇಲ್ಲ. ನೋಡಲು ಬಂದ ಮೂರು ಮನೆಯವರು ನಾನು ನಡೆದು ಬರುವುದನ್ನು ಕಂಡು, ಕಾಫಿ ಮುಗಿಸಿ ಎದ್ದು ಹೋದರು. ನಾಲ್ಕನೆಯ ಸಲ ಆ ಅವಮಾನ ಬೇಡವೆಂದು ಅಮ್ಮ ಮೊದಲ ಸಾಲಿನಲ್ಲೇ 'ಕುಂಟ ಹುಡುಗಿ' ಎಂದು ಬರೆದು ತಂದಳು. ನನಗೆ ಮೈಯೆಲ್ಲ ಉರಿಯಿತು. ಎಂ.ಕಾಂ. ಓದಿದ್ದು, ಠಾಣೆ ನಗರದ ಆಫೀಸಿನಲ್ಲಿ ಹತ್ತು ಜನರ ಕೆಲಸ ನೋಡಿಕೊಳ್ಳುತ್ತಿದ್ದದ್ದು, ಎಲ್ಲ ಆ ಒಂದು ಮಾತಿನಡಿ ಮುಚ್ಚಿಹೋಗಿತ್ತು.

ಮೌಶಿ 'ಕುಂಟ' ಎಂಬುದನ್ನು ಹೊಡೆದುಹಾಕಿದರು.

"ಅಯ್ಯೋ, ಹಾಗೆ ಮಾಡ್ಬೇಡಿ ಮೌಶಿ," ಅಮ್ಮ ಗಾಬರಿಯಾದಳು. "ಸುಳ್ಳು ಹೇಳಿದ ಹಾಗೆ ಆಗ್ತದೆ. ಬಂದವರು ಪುನಃ ಎದ್ದು ಹೋಗ್ತಾರೆ."

"ಮುಚ್ಚಿಡೂದು ಬ್ಯಾಡ್ರೀ. ಗಿಡ್ಡ ಇರೋದು ಕಾಲು. ಅದನ್ನ ತಂದು ಇಡೀ ಹುಡುಗಿ ಮ್ಯಾಲೆ ಯಾಕ ಹೇರ್ತೀರಿ?" ಎಂದು ಮೌಶಿ ನನ್ನ ಕಡೆ ತಿರುಗಿದರು. "ನೀ ಹೇಳವ್ವ, ಏನಂತ ಬರೀಲಿ?"

ಅಲ್ಲಿಯವರೆಗೆ ನನ್ನ ಕಾಲಿನ ವಿಷಯವನ್ನು ಡಾಕ್ಟರು ಅಮ್ಮನನ್ನು ಕೇಳಿದ್ದರು, ನೆಂಟರು ಅಪ್ಪನನ್ನು ಕೇಳಿದ್ದರು. "ಎಡಗಾಲು ಒಂದೂವರೆ ಇಂಚು ಗಿಡ್ಡ. ದಿನಾ ಬೆಳಿಗ್ಗೆ ಫಾಸ್ಟ್ ಲೋಕಲ್ ರೈಲು ಹತ್ತಿ ಠಾಣೆಗೆ ಹೋಗ್ತೇನೆ" ಅಂದೆ. ಹೇಳುವಷ್ಟರಲ್ಲಿ ಅಳು ಬಂತು. ಮೌಶಿ ಎರಡನ್ನೂ ಹಾಗೇ ಬರೆದರು.

ಅದನ್ನು ಓದಿ ಬಂದ ಕಲ್ಯಾಣದ ಹುಡುಗ ಕಾಫಿ ಮುಟ್ಟುವ ಮೊದಲೇ ಕೇಳಿದ್ದು ಇಷ್ಟು: "ಡೊಂಬಿವಲಿಗೆ ಬರುವಾಗಲೇ ತುಂಬಿ ತುಳುಕುವ ಫಾಸ್ಟ್ ಹೇಗೆ ಹತ್ತುತ್ತೀರಿ ಮಾರಾಯ್ರೆ? ನಾನು ಕಲ್ಯಾಣದಲ್ಲೇ ಒದ್ದಾಡ್ತೇನೆ!" ಈಗ ನಮ್ಮಿಬ್ಬರದೂ ಒಂದೇ ಮನೆ. ಜಗಳವೂ ಬೇಕಾದಷ್ಟಿದೆ.

ಹೋದ ವರ್ಷ ಮೌಶಿ ತೀರಿಕೊಂಡರು. ಸಂಘದ ಹಲಗೆಗೆ ಹಚ್ಚಲು 'ಆದರ್ಶ, ನಿಸ್ವಾರ್ಥ, ಸರಳ ಮಹಿಳೆ' ಎಂದು ಬರೆದ ಕಾಗದ ಸಿದ್ಧವಾಗಿತ್ತು. ಮೇಜಿನ ಡ್ರಾಯರಿನಲ್ಲಿ ಅವರ ಪೆನ್ಸಿಲ್ ಹಾಗೇ ಇತ್ತು. ಅದನ್ನು ತೆಗೆದುಕೊಂಡು ನಾನು ಎಲ್ಲವನ್ನೂ ಹೊಡೆದುಹಾಕಿದೆ. "ಅಯ್ಯೋ, ಏನೂ ಉಳೀಲೇ ಇಲ್ಲವಲ್ಲಮ್ಮ" ಎಂದರು ಕಾರ್ಯದರ್ಶಿಗಳು.

ನಾನು ಕೆಳಗೆ ಬರೆದೆ: 'ಭಾನುವಾರ ಬೆಳಿಗ್ಗೆ ಇಲ್ಲಿ ಕೂತು ಫಾರ್ಮ್ ಬರೆಯುತ್ತಿದ್ದರು. ನನ್ನ ಕಾಲಿನ ಬಗ್ಗೆ ಮೊದಲ ಬಾರಿ ನನ್ನನ್ನೇ ಕೇಳಿದವರು ಇವರು.'