ದಣಪೆಯ ಮೂರು ಬೊಂಬು

ಹೊಸನಗರದ ಕಡೆಯ ಒಂದು ಹಳ್ಳಿಗೆ ನಾನು ಹೆರಿಗೆ ನರ್ಸಾಗಿ ಬಂದಾಗ ಸರ್ಕಾರದವರು ಒಂದು ಪೆಟ್ಟಿಗೆಯನ್ನೂ ಒಂದು ಲೇಡೀಸ್ ಸೈಕಲ್ಲನ್ನೂ ಕೊಟ್ಟಿದ್ದರು. ರಸ್ತೆ ಕೊಡುವುದನ್ನು ಮಾತ್ರ ಮರೆತಿದ್ದರು. ಅರವತ್ತರ ದಶಕದ ಮಾತು. ನಾನು ಬಯಲುಸೀಮೆಯವಳು, ಸೈಕಲ್ ಹತ್ತಿದರೆ ಕಣ್ಣು ಹಾಯುವಷ್ಟು ದೂರ ನೆಟ್ಟಗೆ ಹೋಗಬಹುದೆಂದು ತಿಳಿದಿದ್ದವಳು. ಇಲ್ಲಿ ಪಾಚಿಗಟ್ಟಿದ ಇಳಿಜಾರು, ತಿರುವಿನಲ್ಲೇ ಮಲಗಿರುವ ಎಮ್ಮೆ, ಚೈನಿಗೆ ಸಿಕ್ಕುವ ಸೀರೆ, ಪೆಡಲ್ ಮೇಲಿನ ಪಾದಕ್ಕೂ ಬಿಡದೆ ಹತ್ತಿ ರಕ್ತ ಹೀರುವ ಇಂಬಳ. ಬೈದುಕೊಂಡೇ ಎಲ್ಲವನ್ನೂ ಸಹಿಸಿಕೊಂಡೆ. ನನಗೆ ಸಹಿಸಲಾಗದೆ ಹೋದದ್ದು ದಣಪೆ.

ದಣಪೆಯೆಂದರೆ ಗದ್ದೆಗೆ ದನ ನುಗ್ಗದಂತೆ ದಾರಿಗೆ ಅಡ್ಡ ಹಾಕುವ ತಡೆ. ಎರಡು ಬದಿಗೆ ತೂತು ಕೊರೆದ ಕಂಬ, ಅದರಲ್ಲಿ ಒಂದರ ಮೇಲೊಂದು ತೂರಿಸಿದ ಮೂರು ಬಿದಿರಿನ ಬೊಂಬು. ಸರಿಸಿ ದಾಟಿದವರು ಮತ್ತೆ ಹಾಕಿ ಹೋಗಬೇಕು. ಅಲ್ಲಿನ ಎಳೆಮಕ್ಕಳಿಗೂ ಗೊತ್ತಿರುವ ಈ ಮಾತನ್ನು ದೊಡ್ಡವಳಾದ ನನಗೆ ಯಾರು ತಾನೇ ಹೇಳಿಕೊಟ್ಟಾರು? ಬಂದ ವಾರವೇ ಒಂದು ಇಳಿಜಾರಿನ ಕೊನೆಯಲ್ಲಿ ಬ್ರೇಕು ಹತ್ತದೆ ದಣಪೆಗೆ ಎದೆ ಕೊಟ್ಟು ಬಿದ್ದೆ. ಯಾರೋ ಬೇಕೆಂದೇ ದಾರಿ ಕಟ್ಟಿದ್ದಾರೆ ಎಂದುಕೊಂಡೆ. ಅಂದಿನಿಂದ ಅಲ್ಲಿಗೆ ಹೋದಾಗಲೆಲ್ಲ ಬೊಂಬುಗಳನ್ನು ಎಳೆದು ಪಕ್ಕಕ್ಕೆ ಬಿಸಾಡಿ ಮುಂದೆ ಹೋಗುತ್ತಿದ್ದೆ. ಒಂದು ದಿನ ಮೇಲಿನ ಬೊಂಬನ್ನು ಹಳ್ಳಕ್ಕೇ ಎಸೆದೆ. ತುಂಬಿ ಹರಿಯುತ್ತಿದ್ದ ಹಳ್ಳ ಅದನ್ನು ಕೊಚ್ಚಿಕೊಂಡು ಹೋಯಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಗದ್ದೆಯಾಚೆ, ಗುಡ್ಡದ ಬುಡದ ಮನೆಯಲ್ಲಿ ಒಬ್ಬಳು ತುಂಬು ಬಸುರಿ ಇದ್ದಳು. ಹಿಂದಿನ ಎರಡು ಹೆರಿಗೆಯಲ್ಲೂ ಮಗು ಉಳಿದಿರಲಿಲ್ಲ. "ಈ ಸಲ ನೀವು ಬರ್ಲೇಬೇಕು ನರ್ಸಮ್ಮ" ಎಂದು ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. ಬರುತ್ತೇನೆಂದು ಮಾತು ಕೊಟ್ಟಿದ್ದೆ.

ಮಳೆ ನಿಂತು ಹೊಳವಾಗಿದ್ದ ಒಂದು ಬೆಳಿಗ್ಗೆ ಅವಳ ಗಂಡ ಏದುಸಿರು ಬಿಡುತ್ತ ಬಂದ. ನೋವು ಶುರುವಾಗಿ ಬಹಳ ಹೊತ್ತಾಗಿತ್ತು. ಡಾಕ್ಟರನ್ನು ಕರೆತರಲು ಅವನನ್ನು ಪೇಟೆಗೆ ಕಳಿಸಿ, ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಿ ನಾನು ಹೊರಟೆ. ದಣಪೆಯ ಹತ್ತಿರ ಬರುತ್ತಿದ್ದಂತೆ ಮುಂದಿನ ಟೈರು ಬುಸ್ಸೆಂದಿತು. ನೋಡಿದರೆ ದಾರಿಯುದ್ದಕ್ಕೂ ಮುಳ್ಳುಕೊಂಬೆ ಹಾಸಿದೆ. ಕಂಬಳಿಕೊಪ್ಪೆ ಹಾಕಿಕೊಂಡ ಮುದುಕನೊಬ್ಬ ಗದ್ದೆಯಲ್ಲಿ ಬಗ್ಗಿ ಕಳೆ ಕೀಳುತ್ತಿದ್ದ. ನನಗೆ ನೆತ್ತಿಗೆ ಸಿಟ್ಟೇರಿತು.

"ದಾರೀಲಿ ಮುಳ್ಳು ಹಾಕ್ತಾರೇನ್ರೀ? ಯಾವ ಪುಣ್ಯಾತ್ಮ ಹಾಕಿದ್ದು?"

"ನಾನೇ ಹಾಕಿದ್ದು," ಎಂದ ಮುದುಕ, ನಿಧಾನವಾಗಿ ಸೊಂಟ ನೆಟ್ಟಗೆ ಮಾಡುತ್ತ. "ಯಾರೋ ದಣಪೆ ತೆಗ್ದು ಹಾಗೇ ಬಿಟ್ಟು ಹೋಗ್ತಾರೆ. ಎಮ್ಮೆ ನುಗ್ಗಿ ಅರ್ಧ ಗದ್ದೆ ಮೇದ್ವು. ಎರಡನೇ ಸಲ ನೆಟ್ಟಿದೀನಿ. ಮೇಲಿನ ಬೊಂಬೂ ಕಾಣ್ತಿಲ್ಲ."

ಬೊಂಬು ಎಸೆದವಳ ಮುಖ ಅವನು ನೋಡಿರಲಿಲ್ಲ, ಮುಳ್ಳು ಹಾಕಿದವನ ಮುಖ ನಾನೂ ನೋಡಿರಲಿಲ್ಲ. ಸುಮ್ಮನಿದ್ದರೆ ಅಂದಿಗೆ ಪಾರಾಗುತ್ತಿದ್ದೆನೋ ಏನೋ. ಆದರೆ ನಾಚಿಕೆ ಬಿಡಲಿಲ್ಲ.

"ಆ ಯಾರೋ ನಾನೇ ಅಜ್ಜ."

ಅವನು ನನ್ನನ್ನೇ ನೋಡಿದ. "ತೆಗೆದವ್ರೇ ಹಾಕ್ಬೇಕು ಅಂತ ನಿಮ್ಮ ಸೀಮೇಲಿ ಗೊತ್ತಿಲ್ವಾ?"

"ನಮ್ಮಲ್ಲಿ ದಣಪೇನೇ ಇಲ್ಲ."

ಅವನ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು. "ಈಗ ಎಲ್ಲಿಗೆ ಹೊರಟಿದ್ದು?"

ಹೇಳಿದೆ. ಮುಂದಿನ ಬೈಗುಳವನ್ನು ಅವನು ನುಂಗಿಕೊಂಡದ್ದು ನನಗೆ ಕಂಡಿತು. ಗದ್ದೆಯಿಂದ ಮೇಲೆ ಬಂದು ಪೆಟ್ಟಿಗೆ ಬಿಚ್ಚಿ ತಲೆಯ ಮೇಲಿಟ್ಟುಕೊಂಡ. "ಅಂಚಿನ ಮೇಲೆ ಸುತ್ತಿ ಹೋದ್ರೆ ಹೊತ್ತಾಗ್ತದೆ. ಗದ್ದೆ ಒಳಗೇ ಬನ್ನಿ."

"ಸಸಿ ತುಳಿದು ಹೋಗೋದಾ?"

"ಮತ್ತೆ ನೆಡಾಣ. ನೀವು ನಡೀರಿ."

ಎರಡನೇ ಸಲ ನೆಟ್ಟ ಸಸಿಗಳ ಮೇಲೆ, ಮೊಣಕಾಲುದ್ದ ಕೆಸರಿನಲ್ಲಿ, ಅವನ ಹಿಂದೆ ನಡೆದೆ. ಒಂದೊಂದು ಹೆಜ್ಜೆಗೂ ಸಂಕಟವಾಗುತ್ತಿತ್ತು. ಅವನು ಒಂದು ಸಲವೂ ಕೆಳಗೆ ನೋಡಲಿಲ್ಲ.

ಮಗು ಹುಟ್ಟುವಾಗ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಮೈ ನೀಲಿಯಾಗಿತ್ತು. ಬಳ್ಳಿ ಬಿಡಿಸಿ, ಬಾಯಿ ಒರೆಸಿ, ಬೆನ್ನುಜ್ಜಿದೆ. ಬಾಣಂತಿಯ ಅತ್ತೆ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಆ ಮನೆಗೆ ಈ ಮೌನ ಮೂರನೆಯ ಸಲದ್ದು. ಮತ್ತೆ ಉಜ್ಜಿದೆ. ಸಣ್ಣಗೆ ಕೆಮ್ಮಿ, ಆಮೇಲೆ ಹಂಚು ಹಾರುವಂತೆ ಅತ್ತಳು ಹುಡುಗಿ. ಇನ್ನು ಸ್ವಲ್ಪ ತಡವಾಗಿದ್ದರೂ ಅವಳು ಅಳುತ್ತಿರಲಿಲ್ಲ. ಡಾಕ್ಟರ್ ಬಂದಾಗ ನಾನು ಜಗಲಿಯಲ್ಲಿ ಬೆಲ್ಲದ ಕಾಫಿ ಕುಡಿಯುತ್ತಿದ್ದೆ, ಮುದುಕ ಎಲೆಯಡಿಕೆ ಹಾಕುತ್ತಿದ್ದ.

ಮರುದಿನ ಮುಳ್ಳು ಇರಲಿಲ್ಲ. ಪಂಕ್ಚರ್ ಹಾಕಿಸಿಕೊಂಡ ಮೇಲೆ ಒಂದು ಬೊಂಬನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಮೇಲಿನ ತೂತಿಗೆ ತೂರಿಸಿದೆ. ಒಂದು ಗೇಣು ಗಿಡ್ಡವಾಯಿತು. ಮುದುಕ ನಕ್ಕು ಬೇರೆ ಕಡಿದು ತಂದ. ನಾವು ತುಳಿದು ಹೋದ ಜಾಗಕ್ಕೆ ಸಸಿ ಹೊಂದಿಸಲು ಅವನಿಗೆ ಹತ್ತು ದಿನ ಹಿಡಿಯಿತು. ರಜೆ ಹಾಕಿ ನಾನೂ ಗದ್ದೆಗಿಳಿದೆ. ನಾನು ನೆಟ್ಟದ್ದರಲ್ಲಿ ಅರ್ಧ ತೇಲಿದವು, ಅವನ್ನು ಅವನು ನನ್ನ ಹಿಂದೆಯೇ ಬಂದು ಮತ್ತೆ ನೆಟ್ಟ.

ಕೊಯ್ಲಿನ ಹೊತ್ತಿಗೆ ಒಂದು ದಿನ ದಣಪೆ ದಾಟಿ, ಮೂರೂ ಬೊಂಬು ಹಾಕಿ ತಿರುಗಿದೆ. ಗದ್ದೆಯೆಲ್ಲ ಕೊಯ್ದಾಗಿತ್ತು. ತಡವಾಗಿ ನೆಟ್ಟ ಒಂದು ಪಟ್ಟಿ ಮಾತ್ರ ಇನ್ನೂ ಹಣ್ಣಾಗದೆ ಹಸಿರಾಗಿ ನಿಂತಿತ್ತು. ದಣಪೆಯಿಂದ ಸೀದಾ ಗುಡ್ಡದ ಬುಡದ ಆ ಮನೆಯವರೆಗೆ, ಇಬ್ಬರು ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲ.

"ಅದನ್ನ ಯಾಕೆ ಬಿಟ್ಟಿದೀರಿ ಅಜ್ಜ?" ಎಂದೆ.

ಮುದುಕ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಇನ್ನೊಂದು ವಾರ ಇರ್ಲಿ. ಅದು ನಿಮ್ಮ ರಸ್ತೆ."