ಬಸವಣ್ಣೆಮ್ಮನ ಖಾನಾವಳಿಯಲ್ಲಿ ಸೊರಬದ ತಂಡ ಉಂಡದ್ದು

ಬಸವಣ್ಣೆಮ್ಮ ಫುಟ್‌ಬಾಲ್ ಆಟವನ್ನು ಒಂದು ದಿನವೂ ಕಣ್ಣಿಂದ ನೋಡಿದವಳಲ್ಲ. ಹೆಂಗಸರು ಮೈದಾನಕ್ಕೆ ಹೋಗುವ ಕಾಲವೂ ಅದಾಗಿರಲಿಲ್ಲ. ಆದರೂ ಶಿಕಾರಿಪುರದಲ್ಲಿ ಆ ಆಟದ ಬಗ್ಗೆ ಅವಳಷ್ಟು ಖಡಾಖಂಡಿತ ಮಾತಾಡುವವರು ಇನ್ನೊಬ್ಬರಿರಲಿಲ್ಲ ಎಂದರೆ ನೀವು ನಂಬಬೇಕು. ನಾನು ಉಚ್ಚಂಗಪ್ಪ, ತಾಲ್ಲೂಕು ಕಚೇರಿಯಲ್ಲಿ ಪಹಣಿ ಬರೆಯುವ ಗುಮಾಸ್ತ. ಎರಡು ಹೊತ್ತೂ ಅವಳ ಖಾನಾವಳಿಯಲ್ಲೇ ಉಣ್ಣುತ್ತಿದ್ದೆ. ಬಸ್ಸಿನ ಏಜೆಂಟ್ ಲೋಕಪ್ಪನೂ ಅಲ್ಲೇ. ನಮ್ಮ ತಂಡದ ಹುಡುಗರಲ್ಲಿ ಅರ್ಧಕ್ಕರ್ಧ ಜನ ಅಲ್ಲೇ. ಮೈದಾನ ಮುಗಿಯುವಲ್ಲಿ ಖಾನಾವಳಿಯ ಹಿತ್ತಲು ಶುರುವಾಗುತ್ತಿತ್ತು. ಆಟದ ಗದ್ದಲ ಅವಳಿಗೆ ಒಲೆಯ ಮುಂದೆ ಕೂತಲ್ಲೇ ಕೇಳುತ್ತಿತ್ತು.

ಆಟಗಾರರನ್ನು ಅವಳು ಅಳೆಯುತ್ತಿದ್ದುದು ಅವರ ಊಟದಿಂದ.

"ನಿಮ್ಮ ಸೆಂಟರ್ ಫಾರ್ವರ್ಡು ಸದಾಶಿವಪ್ಪ ಕೈಯಾಗ ತುತ್ತು ಹಿಡ್ಕೊಂಡು ಊರೆಲ್ಲಾ ನೋಡ್ತಾನ. ಚೆಂಡು ಬಂದಾಗೂ ಹಂಗೇ ನಿಂತಿರ್ತಾನೇನ್ರಿ?" ಎಂದು ಕೇಳುತ್ತಿದ್ದಳು. ಅವನು ನಿಜವಾಗಿಯೂ ಹಾಗೇ ನಿಲ್ಲುತ್ತಿದ್ದ. "ಆನಂದಪ್ಪ ನೋಡ್ರಿ, ರೊಟ್ಟಿ ಬೀಳೋದ್ರೊಳಗ ಮುಗಿಸಿರ್ತಾನ. ಅವನ್ನ ಬದೀಗೆ ಓಡಿಸ್ರಿ." ಆನಂದಪ್ಪ ಆಗಲೇ ಲೆಫ್ಟ್ ಔಟ್. ಎಂಟು ಪಂದ್ಯದಲ್ಲಿ ಹನ್ನೊಂದು ಗೋಲು ಹೊಡೆದವನು ಅವನೇ. ಆ ವರ್ಷ, ಅಂದರೆ ಐವತ್ತೊಂಬತ್ತನೇ ಇಸವಿ ಸುಗ್ಗಿ ಮುಗಿದ ಮೇಲೆ, ನಾವು ಸತತ ಎಂಟು ಪಂದ್ಯ ಗೆದ್ದಿದ್ದೆವು. ಹೊನ್ನಾಳಿ, ಶಿರಾಳಕೊಪ್ಪ, ಆನವಟ್ಟಿ, ಸಾಗರ, ಒಬ್ಬರನ್ನೂ ಬಿಟ್ಟಿರಲಿಲ್ಲ. ನಮ್ಮ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಉಳಿದದ್ದು ಒಂದೇ, ಷೀಲ್ಡಿನ ಕೊನೇ ಪಂದ್ಯ. ಎದುರಾಳಿ ಸೊರಬ.

ಸೊರಬ ಎಂದರೆ ನಮಗೆ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಹಿಂದಿನ ವರ್ಷ ಅವರು ನಮ್ಮ ಮೈದಾನಕ್ಕೇ ಬಂದು ಮೂರು ಗೋಲಿನಿಂದ ಸೋಲಿಸಿ, ನಮ್ಮ ಪೇಟೆಯಲ್ಲೇ ಸಕ್ಕರೆ ಹಂಚಿ ಹೋಗಿದ್ದರು. ಸಕ್ಕರೆ ಚೀಲ ತರಿಸಿದವನು ಆ ತಂಡದ ಯಜಮಾನ, ಕುಪ್ಪಗಡ್ಡೆಯ ಮಹೇಶ್ವರಪ್ಪ. ಖಾನಾವಳಿ ಬಾಗಿಲಲ್ಲಿ ಹತ್ತು ಮಿನಿಟು ನಿಂತು, ಹೋಗಿ ಬರುವವರಿಗೆಲ್ಲ ಬೊಗಸೆ ಬೊಗಸೆ ಕೊಟ್ಟಿದ್ದ. ನನ್ನ ಕೈಗೂ ಹಾಕಿದ. ನಾನು ಅದನ್ನು ಚರಂಡಿಗೆ ಸುರಿದೆ. ಆದರೆ ಬೇಕಂತಲೇ ಆ ಬಾಗಿಲನ್ನು ಅವನು ಹುಡುಕಿ ನಿಂತದ್ದು ನನಗಾಗಿ ಅಲ್ಲ, ಬಸವಣ್ಣೆಮ್ಮನಿಗಾಗಿ. ಅವಳು ಅವನ ತಮ್ಮನ ಹೆಂಡತಿ.

ಆ ಕತೆ ಊರಿಗೆಲ್ಲ ಗೊತ್ತಿತ್ತು. ಶಿಕಾರಿಪುರದ ಈ ಹುಡುಗಿಯನ್ನು ಕುಪ್ಪಗಡ್ಡೆಗೆ ಕೊಟ್ಟಿದ್ದರು. ನಲವತ್ತೆಂಟರಲ್ಲಿ ಗಂಡ ವಾಂತಿಭೇದಿಯಿಂದ ತೀರಿಹೋದ. ಗಂಡನ ಪಾಲಿನ ಗದ್ದೆ ತೋಟದ ಹಕ್ಕು ಬಿಟ್ಟು ಹೆಬ್ಬೆಟ್ಟು ಒತ್ತು ಎಂದ ಭಾವ. ಇವಳು ಒತ್ತಲಿಲ್ಲ. "ಹಬ್ಬಕ್ಕೆ ತವರಿಗೆ ಹೋಗಿ ಬಾರವ್ವ" ಎಂದು ಒಳ್ಳೆಯ ಮಾತಲ್ಲೇ ಗಾಡಿ ಹತ್ತಿಸಿದರು. ಆರು ವರ್ಷದ ಮಗ ಶಾಂತವೀರನಿಗೆ ಜ್ವರ, ಅವನು ಇಲ್ಲೇ ಇರಲಿ ಎಂದರು. ಮತ್ತೆ ಕರೆಯಲು ಯಾರೂ ಬರಲಿಲ್ಲ. ಇವಳೇ ಮೂರು ಸಲ ಹೋದಳು. ಮೂರನೇ ಸಲ ಬೆಳಗಿನಿಂದ ಹೊತ್ತು ಮುಳುಗುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಹುಡುಗ ಚಂದ್ರಗುತ್ತಿಗೆ ಹೋಗಿದ್ದಾನೆ ಅಂದರು. ಒಳಗಿಂದ ಮಗನ ದನಿ ಅವಳಿಗೆ ಕೇಳಿಸುತ್ತಿತ್ತು. ಅವಳು ಎದ್ದು ಬಂದವಳು ಮತ್ತೆ ಆ ದಿಕ್ಕಿಗೆ ತಲೆ ಹಾಕಲಿಲ್ಲ. ಅಪ್ಪನ ಮನೆಯ ಮುಂಗೋಣೆಯಲ್ಲಿ ಖಾನಾವಳಿ ಹಾಕಿದಳು. ಮಗನನ್ನು ಶಿವಮೊಗ್ಗದಲ್ಲಿ ಹಾಸ್ಟೆಲಿಗೆ ಸೇರಿಸಿದ್ದಾರೆ ಎಂದು ಕುಪ್ಪಗಡ್ಡೆ ಕಡೆಯ ಎಲೆ ಮಾರುವವಳೊಬ್ಬಳು ಯಾವತ್ತೋ ಹೇಳಿದ್ದಳು. ಇವಳಿಗೆ ಗೊತ್ತಿದ್ದದ್ದು ಅಷ್ಟೇ.

ಫುಟ್‌ಬಾಲು ಅವಳಿಗೆ ಅಂಟಿಕೊಂಡದ್ದು ಈ ಹಗೆಯಿಂದ. ಐವತ್ತಾರರಲ್ಲಿ ನಾವು ಸೊರಬವನ್ನು ಒಂದು ಗೋಲಿನಿಂದ ಗೆದ್ದು ಕೂಗಾಡುತ್ತ ಊಟಕ್ಕೆ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕುಪ್ಪಗಡ್ಡೆ ಮಹೇಶ್ವರಪ್ಪ ಬಂದಿದ್ನೇನ್ರಿ? ಮುಖ ಹೆಂಗಿತ್ತು?" ಹುಳಿ ಮಜ್ಜಿಗೆ ಕುಡಿದ ಹಾಗಿತ್ತು ಅಂದೆ. ಅವತ್ತು ನಮಗೆಲ್ಲ ಬಿಟ್ಟಿ ಮಾದಲಿ, ಮೇಲೆ ಹಾಲು ತುಪ್ಪ. ಅಂದಿನಿಂದ ಪ್ರತಿ ಪಂದ್ಯದ ವರದಿ ಅವಳಿಗೆ ಒಪ್ಪಿಸುವುದು ನನ್ನ ಕೆಲಸವಾಯಿತು.

ಕೊನೇ ಪಂದ್ಯಕ್ಕೆ ಮೂರು ದಿನ ಇತ್ತು. ಊಟ ಮಾಡುತ್ತ ನಾವು ಸೊರಬದ ಆಟಗಾರರನ್ನು ಒಬ್ಬೊಬ್ಬರನ್ನೇ ಹರಿದು ಹಂಚುತ್ತಿದ್ದೆವು.

"ಬ್ಯಾಕುಗಳು ಎಮ್ಮೆ ಇದ್ದಂಗ ಅದಾವು, ನಮ್ಮ ಆನಂದಪ್ಪ ಸುತ್ತು ಹಾಕ್ತಾನ," ಅಂದ ಲೋಕಪ್ಪ. "ಗೋಲು ಕಾಯೋ ಹೊಸಾ ಗೋಲಿದೇ ಕಷ್ಟ. ಉದ್ದ ಹುಡುಗ. ಹೊಸಬಾಳೆ ಪಂದ್ಯದಾಗ ಕಂಡೀನಲ್ಲ, ಬೆಕ್ಕು ಹಾರಿದಂಗ ಹಾರ್ತಾನ. ಈ ವರ್ಷ ಒಂದೇ ಗೋಲು ಬಿಟ್ಟಾನ."

"ಯಾರ ಪೈಕಿ ಅಂತೆ?" ಅಂದೆ.

"ಯಾರಿಗ್ಗೊತ್ತು. ಗೋಲಿ, ಗೋಲಿ ಅಂತ ಕೂಗ್ತಿದ್ರು."

ಬಸವಣ್ಣೆಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಅವತ್ತು ಅವ್ರ ಊಟ ಎಲ್ಲಿ?"

ಬಂದ ತಂಡಕ್ಕೆ ಕರೆದ ಊರು ಊಟ ಹಾಕುವುದು ಪದ್ಧತಿ. ಇನ್ನೂ ಗೊತ್ತು ಮಾಡಿಲ್ಲ ಅಂದೆ.

"ನಮ್ಮಲ್ಲೇ ಇಡ್ರಿ. ಒಂದು ಕಾಸು ಬ್ಯಾಡ. ಹೋಳಿಗಿ ಮಾಡ್ತೀನಿ."

ಲೋಕಪ್ಪ ಬಾಯಿ ಬಿಟ್ಟುಕೊಂಡು ನೋಡಿದ. "ಸೊರಬದವ್ರಿಗೆ ಹೋಳಿಗಿ? ನಿಮಗೇನಾತ್ರಿ ಅಕ್ಕಾರೆ?"

"ಬಿಸಿಲಾಗ ಹತ್ತು ಹೋಳಿಗಿ ತಿಂದೋರು ಓಡ್ತಾರೇನ್ರಿ?" ಅಂದಳು ಅವಳು. ಮೊದಲ ಸಲ ಅವಳ ಮುಖದಲ್ಲಿ ಹಲ್ಲು ಕಂಡೆ.

ನನಗೆ ಅರ್ಥವಾಗಲು ಅರೆಗಳಿಗೆ ಬೇಕಾಯಿತು. ಆಮೇಲೆ ನಾವಿಬ್ಬರೂ ಗಂಗಾಳ ಇಟ್ಟ ಅಡ್ಡಣಿಗೆ ಬಡಿದು ನಕ್ಕೆವು. ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ನಾಲಿಗೆಗೆ ಎಲುಬಿಲ್ಲ ನೋಡಿ. "ಎಲ್ಲರಿಗಿಂತ ಗೋಲಿಗೆ ಎರಡು ಹೆಚ್ಚು ಹಾಕ್ರಿ. ಅವನ ಹೊಟ್ಟೆ ಭಾರ ಆದ್ರೆ ಷೀಲ್ಡು ನಮ್ಮದೇ," ಅಂದೆ.

ಪಂದ್ಯದ ದಿನ ಸೊರಬದ ಬಸ್ಸು ತಡವಾಗಿ, ಒಂದೂವರೆಗೆ ಬಂತು. ಮಹೇಶ್ವರಪ್ಪ ಇಳಿದವನೇ ಹುಡುಗರನ್ನು ನಮ್ಮ ಕೈಗೊಪ್ಪಿಸಿ ತನ್ನ ಬೀಗರ ಮನೆಗೆ ಊಟಕ್ಕೆ ಹೋದ. ನಾಲ್ಕು ಗಂಟೆಗೆ ನೇರ ಮೈದಾನಕ್ಕೆ ಬರುತ್ತೇನೆ ಅಂದ. ಊಟ ಎಲ್ಲಿ ಎಂದು ಕೇಳಲಿಲ್ಲ, ನಾವೂ ಹೇಳಲಿಲ್ಲ. ನಮ್ಮ ಹುಡುಗರಿಗೆ ಹನ್ನೊಂದಕ್ಕೇ ಎರಡೆರಡು ರೊಟ್ಟಿ, ಮಜ್ಜಿಗೆ ಆಗಿತ್ತು.

ಹನ್ನೊಂದು ಅಡ್ಡಣಿಗೆ, ಹನ್ನೊಂದು ಹಿತ್ತಾಳೆ ಗಂಗಾಳ. ಬಸವಣ್ಣೆಮ್ಮ ತಾನೇ ಬಡಿಸಲು ನಿಂತಳು. ಹೂರಣ ತುಂಬಿದ ಹೋಳಿಗೆ, ಮೇಲೆ ಸೌಟು ತುಪ್ಪ, ಬಿಸಿ ಹಾಲು, ಕಟ್ಟಿನ ಸಾರು, ಅನ್ನ. ಸಾಕು ಎಂದು ಅಂಗೈ ಅಡ್ಡ ಹಿಡಿದರೆ, "ನನ್ನ ಆಣಿ, ಇದೊಂದು," ಎಂದು ಬೆರಳ ಸಂದಿಯಲ್ಲೇ ಜಾರಿಸುತ್ತಿದ್ದಳು. ಗಂಗಾಳಕ್ಕೆ ಬಿದ್ದದ್ದು ಪ್ರಸಾದ, ಬಿಡುವ ಹಾಗಿಲ್ಲ. ಆ ಹುಡುಗರಲ್ಲಿ ಎಂಟು ಜನ ಲಿಂಗ ಕಟ್ಟಿದವರು. ಉಳಿದ ಮೂವರು ಅವರೆದುರು ನಾಚಿಕೆಪಟ್ಟು ತಿಂದರು. ಅವಳ ಹಟದ ಲೆಕ್ಕ ಪೂರ್ತಿ ನಿಂತಿದ್ದದ್ದು ಈ ನೇಮದ ಮೇಲೆ.

"ಗೋಲಿ ಯಾರಪ್ಪಾ ನಿಮ್ಮಾಗ?" ಎಂದು ಕೇಳಿದಳು. ಮೂಲೆಯಲ್ಲಿ ಕೂತ ಉದ್ದ ಹುಡುಗ ನಾಚಿಕೊಂಡು ತಲೆಯಾಡಿಸಿದ. ಹದಿನೇಳರ ಮೇಲಿರಲಿಲ್ಲ. ಬಸವಣ್ಣೆಮ್ಮ ಖಾನಾವಳಿ ಹಾಕಿದ ಮೇಲೆ ಪಂಕ್ತಿಯಲ್ಲಿ ಭೇದ ಮಾಡಿದವಳಲ್ಲ, ಸಾಹುಕಾರನಿಗೂ ಕೂಲಿಯವನಿಗೂ ಒಂದೇ ಸೌಟು. ಅವತ್ತು ಮಾಡಿದಳು. ಉಳಿದವರಿಗೆ ಎಂಟಾದರೆ ಅವನಿಗೆ ಹನ್ನೊಂದು. ಅವನೊಬ್ಬನೇ ಅಂಗೈ ಅಡ್ಡ ಹಿಡಿಯಲಿಲ್ಲ. ಹಾಕಿದಾಗಲೆಲ್ಲ ಕತ್ತೆತ್ತಿ ಅವಳ ಮುಖ ನೋಡುತ್ತಿದ್ದ, ಮತ್ತೆ ತಗ್ಗಿ ಉಣ್ಣುತ್ತಿದ್ದ. ಕೊನೆಗೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದ.

"ಬಾಳ ಒಳ್ಳೆ ಸಂಸ್ಕಾರ," ಎಂದು ಲೋಕಪ್ಪ ನನ್ನ ಪಕ್ಕೆಗೆ ತಿವಿದ. ನಾನು ನಗು ತಡೆಯಲು ಹಿತ್ತಲಿಗೆ ಹೋದೆ.

ಪಂದ್ಯದ ಬಗ್ಗೆ ಹೇಳುವುದಕ್ಕೇನಿದೆ? ಸೊರಬದ ಬ್ಯಾಕುಗಳು ಹತ್ತು ಮಿನಿಟಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಒಬ್ಬ ಮೂಲೆಗೆ ಹೋಗಿ ಕಕ್ಕಿದ. ಆನಂದಪ್ಪ ಮೂರು ಗೋಲು ಹೊಡೆದ. ನಾಲ್ಕನೆಯದನ್ನು ಸದಾಶಿವಪ್ಪ ಊರೆಲ್ಲಾ ನೋಡಿಕೊಂಡೇ ಹೊಡೆದ. ಗೋಲಿ ನೆಲ ಬಿಟ್ಟು ಏಳಲೇ ಇಲ್ಲ. ಕೊನೇ ಚೆಂಡು ನಿಧಾನಕ್ಕೆ ಉರುಳಿಕೊಂಡು ಅವನ ಕಾಲ ಪಕ್ಕದಲ್ಲೇ ಹೋಯಿತು. ಅವನು ಬಗ್ಗಲು ಹೋಗಿ ಮಂಡಿಯೂರಿ ಹೊಟ್ಟೆ ಹಿಡಿದುಕೊಂಡ. ನಾವು ಕೂಗಿದ ಕೂಗು ಊರಾಚೆಗೂ ಕೇಳಿರಬೇಕು. ಹೇಳುವುದಕ್ಕೆ ಸಂಕೋಚವಿಲ್ಲ, ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಖಾನಾವಳಿಗೆ ಮೊದಲು ಓಡಿದವನು ನಾನು. ಬಸವಣ್ಣೆಮ್ಮ ಬಾಗಿಲಲ್ಲೇ ನಿಂತಿದ್ದಳು.

"ಮುಖ ಹೆಂಗಿತ್ತು?"

"ಸುಟ್ಟ ಬದನೇಕಾಯಿ! ನಾಲ್ಕು ಗೋಲು ಅಕ್ಕಾರೆ, ನಾಲ್ಕು!"

"ಮಾಡಿದ್ದುಣ್ಣೋ ಮಹಾರಾಯ," ಅಂದಳು. ಕಣ್ಣು ಒದ್ದೆಯಾಗಿತ್ತು. "ಅವತ್ತು ಕಟ್ಟಿ ಮ್ಯಾಲೆ ಕೂರಿಸಿದ್ನಲ್ಲ, ಉಣ್ಣಲಿ. ಇನ್ನೂ ಹೇಳ್ರಿ."

ಹೇಳಿದೆ. ಹೇಳುವ ಉಮೇದಿನಲ್ಲಿ ಏನು ಹೇಳುತ್ತಿದ್ದೇನೆಂಬ ಖಬರಿರಲಿಲ್ಲ. "ಆಟ ಮುಗಿದಿದ್ದೇ ತಡ, ಮೈದಾನದ ನಡುವೆ ಮಹೇಶ್ವರಪ್ಪ ಗೋಲಿ ಕಪಾಳಕ್ಕೆ ಎರಡು ಬಿಟ್ಟ. ಜನ ಎಲ್ಲಾ ನೋಡ್ತಿದ್ರು. 'ಹುಟ್ಟಿ ಅಪ್ಪನ್ನ ತಿಂದೆ, ಇವತ್ತು ನನ್ನ ಮಾನ ತಿಂದ್ಯಲ್ಲೋ ಶಾಂತವೀರಾ' ಅಂತ..."

ಹೆಸರು ಬಾಯಿಂದ ಹೊರಬಿದ್ದ ಮೇಲೆ ನನಗೆ ಹೊಳೆಯಿತು. ನನ್ನ ಹಿಂದೆ ಲೋಕಪ್ಪನ ನಗು ನಿಂತಿತು.

"ಯಾರು ಅಂದ್ರಿ?" ಎಂದಳು ಬಸವಣ್ಣೆಮ್ಮ.

ಅವಳು ಉತ್ತರಕ್ಕೆ ಕಾಯಲಿಲ್ಲ. ಹಿಟ್ಟಿನ ಕೈಯಲ್ಲೇ, ಬರಿಗಾಲಲ್ಲಿ ಬಸ್ ನಿಲ್ದಾಣದ ಕಡೆ ನಡೆದಳು. ನಾನೂ ಲೋಕಪ್ಪನೂ ಹಿಂದೆ ಹೋದೆವು.

ಸೊರಬದ ಬಸ್ಸು ಹೊರಡಲು ನಿಂತಿತ್ತು. ತಂಡ ಹತ್ತಿ ಕೂತಿತ್ತು. ಮಹೇಶ್ವರಪ್ಪ ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಇದ್ದ. ಹುಡುಗ ಮಾತ್ರ ಕೆಳಗೆ ಕಲ್ಲಿನ ಮೇಲೆ ಕೂತಿದ್ದ. ನಡೆದುಕೊಂಡು ಬಾ ಎಂದು ದೊಡ್ಡಪ್ಪ ಇಳಿಸಿದ್ದನಂತೆ. ಕೆನ್ನೆ ಊದಿತ್ತು.

ಬಸವಣ್ಣೆಮ್ಮ ಅವನೆದುರು ನಿಂತು ಮುಖ ನೋಡಿದಳು. "ಶಾಂತೂ," ಅಂದಳು. "ನಾ ನಿನ್ನ ಅವ್ವ."

ಹುಡುಗ ಎದ್ದು ನಿಂತ. ಅವಳಿಗಿಂತ ಒಂದು ಮೊಳ ಎತ್ತರ. ಕಿಟಕಿಯಿಂದ ಮಹೇಶ್ವರಪ್ಪ ನಮ್ಮೆಲ್ಲರನ್ನೂ ಒಮ್ಮೆ ನೋಡಿದ. ಅವಳ ಕೈಯ ಹಿಟ್ಟು ನೋಡಿದ. ಅವನು ಬುದ್ಧಿವಂತ, ಎಲ್ಲ ತಿಳಿಯಿತು.

"ಹೋಳಿಗೆ ಹಾಕಿದ್ದು ಇವಳೇನೋ?" ಅಂದ. "ಕೇಳು ಮತ್ತೆ. ಹನ್ನೊಂದು ವರ್ಷ ಇಲ್ಲದ ಅಕ್ಕರೆ ಇವತ್ತು ಎಲ್ಲಿಂದ ಬಂತು ಅಂತ ಕೇಳು."

ಹುಡುಗ ಅವನ ಕಡೆ ತಿರುಗಲಿಲ್ಲ. ಅವಳನ್ನೇ ನೋಡುತ್ತಿದ್ದ. ಸಿಟ್ಟೂ ಇರಲಿಲ್ಲ ಆ ಮುಖದಲ್ಲಿ.

"ಎಲ್ಲರಿಗಿಂತ ನನಗೇ ಹೆಚ್ಚು ಬಡಿಸಿದ್ರಿ," ಅಂದ. "ನಂಗೆ ಯಾರೂ ಹಾಗೆ ಬಡಿಸಿದ್ದೇ ಇಲ್ಲ. ಸಾಕು ಅನ್ನೋಕೆ ಮನಸ್ಸಾಗಲಿಲ್ಲ. ಮಗ ಅಂತ ಗುರುತು ಸಿಕ್ಕಿತ್ತಾ ನಿಮಗೆ?"

ಹೌದು ಅಂದುಬಿಡವ್ವ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಆದರೆ ಹೌದು ಅಂದರೆ ಮಗನೆಂದು ತಿಳಿದೂ ತಿಳಿದೂ ಅವನನ್ನು ಕೆಡವಿದ ಹಾಗಾಗುತ್ತಿತ್ತು. ಆ ಲೆಕ್ಕ ಅವಳಿಗೆ ನನಗಿಂತ ಮೊದಲೇ ಸಿಕ್ಕಿರಬೇಕು. ಡ್ರೈವರು ಎರಡು ಸಲ ಹಾರನ್ ಒತ್ತಿದ. ಅವಳು ಸೆರಗಿನಿಂದ ಹಿಟ್ಟಿನ ಕೈ ಒರೆಸಿಕೊಂಡಳು.

"ಇಲ್ಲಪ್ಪಾ," ಅಂದಳು. "ನೀನು ಗೋಲಿ ಅಂತ ಹಾಕಿದೆ."

ಹುಡುಗ ತಿರುಗಿ ಬಸ್ಸಿನ ಮೆಟ್ಟಿಲು ಹತ್ತಿದ. ಮಹೇಶ್ವರಪ್ಪ ಪಕ್ಕಕ್ಕೆ ಸರಿದು ಅವನಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟ.